ಟಂಟಂ ಆರಕ್ಕೆ, ಅಂಗನವಾಡಿ ಒಂಬತ್ತೂವರೆಗೆ

ನಾನು ಕಲಿಸುವ ಶಾಲೆಯಲ್ಲಿ ದುಡಿಯುವ ಹೆಣ್ಣುಮಕ್ಕಳು ಐದು ಮಂದಿ. ಮೂವರು ಟೀಚರು, ಇಬ್ಬರು ಬಿಸಿಯೂಟದವರು. ದುಡಿಯುವ ತಾಯಂದಿರಿಗೆ ಕೆಲಸದ ಜಾಗದ ಹತ್ತಿರವೇ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದರು. ಆದರೆ ಅದು 50 ಮಂದಿಗೆ ಕಡಿಮೆಯಿಲ್ಲದಂತೆ ನೌಕರರಿರುವ ಸಂಸ್ಥೆಗೆ ಮಾತ್ರ. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಇನ್ನೂ ಬಿಗಿಯಾಗಿತ್ತು, 50ಕ್ಕಿಂತ ಹೆಚ್ಚು ಹೆಣ್ಣಾಳುಗಳೇ ಇರಬೇಕಿತ್ತು. 1948ರ ಕಾರ್ಖಾನೆ ಕಾಯ್ದೆಗೆ 30 ಹೆಣ್ಣುಮಕ್ಕಳು ದಾಟಿದರೆ ಸಾಕಿತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಒಬ್ಬ ಧಣಿಯ ಕೈಕೆಳಗೆ ಅಷ್ಟು ಜನ ಸೇರುವ ಜಾಗ ಎಷ್ಟಿವೆ? ಗಿಣಿಗೇರಿ ಸುತ್ತಿನ ಕಾರ್ಖಾನೆಗಳು, ಭಾನಾಪುರದ ಆಟಿಕೆ ಕಾರ್ಖಾನೆ, ಇನ್ನೊಂದಿಷ್ಟು. ಉಳಿದವರೆಲ್ಲ ಹತ್ತು ಹನ್ನೆರಡರ ಗುಂಪಿನವರು. ಗಂಗಾವತಿ, ಕಾರಟಗಿ ಕಡೆ ಭತ್ತದ ನಾಟಿಗೆ ಹೋಗುವವರು, ಕುಷ್ಟಗಿ ಕಡೆ ಬೀಜೋತ್ಪಾದನೆ ಹೊಲದಲ್ಲಿ ಕ್ರಾಸಿಂಗ್ ಮಾಡುವವರು, ಕೊಪ್ಪಳದ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಚ್ಚಿ ಮಡಚುವವರು, ನಮ್ಮಂಥ ಟೀಚರು. ಎಲ್ಲರನ್ನೂ ಕೂಡಿಸಿದರೆ ಸಾವಿರಗಟ್ಟಲೆ ಆಗುತ್ತಾರೆ. ಬಿಡಿಬಿಡಿಯಾಗಿ ಎಣಿಸಿದರೆ ಕಾನೂನಿನ ಕಣ್ಣಿಗೆ ಒಬ್ಬರೂ ಬೀಳುವುದಿಲ್ಲ.

ನಾನು ಅತಿಥಿ ಶಿಕ್ಷಕಿ. ಮನೆ ಯಲಬುರ್ಗಾ, ಶಾಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿ, ತವರು ಗಂಗಾವತಿ ಕಡೆ. ನಮ್ಮ ಮನೆಯವರು ಗಂಗಾವತಿಯಿಂದ ಬೆಂಗಳೂರಿಗೆ ಅಕ್ಕಿ ಲಾರಿ ಓಡಿಸುತ್ತಾರೆ, ಹೋದರೆ ಎರಡು ಮೂರು ದಿನ ಬರುವುದಿಲ್ಲ. ಮಗಳಿಗೆ ಇನ್ನೂ ವರ್ಷ ತುಂಬಿಲ್ಲ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ 2025-26ರಿಂದ ಗೌರವಧನ ತಿಂಗಳಿಗೆ 12,000 ರೂಪಾಯಿ. ನನ್ನ ಪಕ್ಕದ ಕುರ್ಚಿಯ ಕಾಯಂ ಟೀಚರಿಗೆ 180 ದಿನ ಹೆರಿಗೆ ರಜೆ ಉಂಟು. 2021ರ ಬಜೆಟ್ಟಿನಲ್ಲಿ ಘೋಷಿಸಿದ ಆರು ತಿಂಗಳ ಶಿಶುಪಾಲನಾ ರಜೆಯೂ ಉಂಟು. ಅದು ಅವರಿಗೆ ಸಿಗಲೇಬೇಕಾದದ್ದು, ನನಗೆ ಹೊಟ್ಟೆಕಿಚ್ಚಿಲ್ಲ. ನಾನು ಹೆರಿಗೆಗೆ ಹೋದಾಗ ಆ ವರ್ಷದ ಕೆಲಸ ಬೇರೆಯವರ ಪಾಲಾಯಿತು. ಮರುವರ್ಷ ಮತ್ತೆ ಅರ್ಜಿ ಹಾಕಿದೆ, ಜಾಗ ಸಿಕ್ಕಿತು. ಒಂದೇ ಹಲಗೆ, ಒಂದೇ ಪಾಠ, ಒಂದೇ ರೀತಿಯ ಹೆರಿಗೆ ನೋವು. ರಜೆ ಮಾತ್ರ ಬೇರೆ.

ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ 2000ನೇ ಇಸವಿಯ ಮಾರ್ಚ್ 8ರಂದೇ ಹೇಳಿದೆ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಮೇಲಿದ್ದ ಹೆಣ್ಣಾಳುಗಳ ಪ್ರಕರಣ ಅದು. ದೆಹಲಿಯ ಆ ತೀರ್ಪು ಯಲಬುರ್ಗಾದ ಬಸ್ ಹತ್ತಿ ಬರಲು ಇಷ್ಟು ವರ್ಷ ಬೇಕೇ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಈಗ ಮನೆಯ ವಿಷಯ. ಕೂಸನ್ನು ನೋಡಿಕೊಳ್ಳುವವರು ನಮ್ಮ ಅತ್ತೆಯವರು. ಅವರಿಲ್ಲದಿದ್ದರೆ ನಾನು ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೆಳಿಗ್ಗೆ ನಾನು ರೊಟ್ಟಿ ಬಡಿಯುವಾಗ ಅವರು ಕಾಲು ಚಾಚಿ ಕೂತು ಮಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಾರೆ, ಲೋಬಾನದ ಹೊಗೆ ಹಿಡಿದು ಕುಂಚಿಗೆ ಕಟ್ಟಿ ಮಲಗಿಸುತ್ತಾರೆ. ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ, ಖಾಲಿ ಕ್ಯಾನು ಹಿಡಿದು ಹೋಗುವವರೂ ಅವರೇ. ಯಲಬುರ್ಗಾ, ಕುಷ್ಟಗಿ ಕಡೆಯ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಕೂಸಿನ ಗಂಜಿಗೆ ಆ ನೀರು ಹಾಕುವಂತಿಲ್ಲ. ಒಂದು ಕಂಕುಳಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಕ್ಯಾನು, ಮೊಣಕಾಲು ನೋವು ಬೇರೆ. ಕೇಳಿದರೆ, "ನಾವೇನು ಹಡದು ಹೊಲಕ್ಕ ಹೋಗಿಲ್ಲೇನ? ಬೇವಿನ ಗಿಡಕ್ಕ ಜೋಳಿಗಿ ಕಟ್ಟಿ ಮಲಗಿಸಿ ಕಳೆ ತಗದೀವಿ" ಎನ್ನುತ್ತಾರೆ. ಹಡೆದ ಆರರಲ್ಲಿ ಉಳಿದದ್ದು ನಾಲ್ಕು ಎಂಬುದನ್ನೂ ಅವರೇ ಹೇಳುತ್ತಾರೆ, ಆದರೆ ಬೇರೆ ದಿನ, ಬೇರೆ ಮಾತಿನ ನಡುವೆ.

"ಅತ್ತಿ ಅದಾರಲ್ಲ, ನಿನಗೇನು ಚಿಂತಿ?" ಎಂದು ಬಸ್ಸಿನಲ್ಲಿ ಸಿಕ್ಕವರೆಲ್ಲ ಅನ್ನುತ್ತಾರೆ. ಈ ಮಾತು ನನಗೆ ಸೇರುವುದಿಲ್ಲ. ಮಗಳು ಹುಟ್ಟುವವರೆಗೆ ಅತ್ತೆಯವರು ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದರು. ಸಂತೆಯ ಖರ್ಚಿಗೆ ಮಗನ ಮುಂದೆ ಕೈಚಾಚಿದವರಲ್ಲ. ಈಗ ಆ ಕೂಲಿ ನಿಂತಿದೆ. ನನ್ನ 12,000ದಲ್ಲಿ ಅವರ ಕೂಲಿಯೂ ಸೇರಿದೆ ಎಂದು ಯಾರೂ ಲೆಕ್ಕ ಹಿಡಿಯುವುದಿಲ್ಲ. ಕೂಸಿನ ಅಜ್ಜಿ ಪುಕ್ಕಟೆ ಆಳು ಎಂದು ಸರ್ಕಾರ, ಸಮಾಜ, ಹೆಚ್ಚಾಗಿ ಮನೆಯ ಗಂಡಸರು ತೀರ್ಮಾನಿಸಿಬಿಟ್ಟಿದ್ದಾರೆ.

ಶಾಲೆಯಲ್ಲಿ ಹನ್ನೆರಡರ ಹೊತ್ತಿಗೆ ಎದೆ ಬಿಗಿಯುತ್ತದೆ. ಕೂಸಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಬರೆದಿತ್ತು. ಬಿಡುವು ಕೊಟ್ಟರೂ ಏನು ಮಾಡಲಿ? ಹಾಲು ಕುಷ್ಟಗಿ ತಾಲ್ಲೂಕಿನಲ್ಲಿ, ಕುಡಿಯುವ ಬಾಯಿ ಯಲಬುರ್ಗಾದಲ್ಲಿ. ಬಿಸಿಯೂಟದ ಅಕ್ಕಿ, ಬೇಳೆ ಚೀಲ ಇಡುವ ಕೋಣೆಗೆ ಹೋಗಿ ಸ್ಟೀಲ್ ಲೋಟಕ್ಕೆ ಹಿಂಡುತ್ತೇನೆ. ಬಾಗಿಲಿಗೆ ಚಿಲಕವಿಲ್ಲ. ಅಡುಗೆ ಮಾಡುವ ಅಕ್ಕ ಹೊರಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ, ಕೈಯಲ್ಲಿ ಸಾರಿನ ಸೌಟು. ಮೊದಲ ಸಲ ನಾನು ಆ ಹಾಲನ್ನು ಬಚ್ಚಲಿಗೆ ಸುರಿಯಲು ಹೋದಾಗ ಗದರಿದರು: "ಎವ್ವಾ, ಹಾಲು ತುಳಿಯೋ ಜಾಗದಾಗ ಚೆಲ್ಲಬ್ಯಾಡ್ರಿ, ಗಿಡದ ಬುಡಕ್ಕ ಹಾಕ್ರಿ." ಅಂದಿನಿಂದ ಕಾಂಪೌಂಡಿನ ಕರಿಬೇವಿಗೆ ಹಾಕುತ್ತೇನೆ. ಬಾಟಲಿಯಲ್ಲಿ ಹಿಡಿದಿಟ್ಟು ಮನೆಗೆ ಒಯ್ಯಿರಿ ಎಂದು ಸಲಹೆ ಕೊಡುವವರಿದ್ದಾರೆ. ಹಿಂಡಿದ ಹಾಲು ತಂಪಿನ ಕೋಣೆಯಲ್ಲಾದರೆ ನಾಲ್ಕು ತಾಸು ತಡೆಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಫ್ರಿಜ್ ಇಲ್ಲದ ಶಾಲೆಯಲ್ಲಿ, ಜನ ತುಂಬಿದ ಬಸ್ಸಿನಲ್ಲಿ ಅದನ್ನು ನಂಬುವ ಧೈರ್ಯ ನನಗಿಲ್ಲ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸು ನಮಗೆ ಹೆಣ್ಣುಮಕ್ಕಳಿಗೆ ಪುಕ್ಕಟೆ. ಆ ಉಳಿತಾಯ ದೊಡ್ಡದು, ಅದನ್ನು ಹಂಗಿಸುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಸೀಟು ಸಿಗುವುದಿಲ್ಲ, ಅಷ್ಟೆ.

ಸಂಜೆ ಹೊಸ್ತಿಲು ದಾಟುತ್ತಲೇ ಮಗಳು ಅತ್ತೆಯವರ ಕಂಕುಳಿಂದ ನನ್ನ ಕಡೆ ಜಿಗಿಯುತ್ತಾಳೆ. ಅತ್ತೆಯವರು ಬಿಡುವುದಿಲ್ಲ. "ಬಿಸಲಾಗಿಂದ ಬಂದೀ, ಕೈಕಾಲು ತೊಳಕೊ. ಎರಡು ಹನಿ ಹಿಂಡಿ ಚೆಲ್ಲು, ಆಮ್ಯಾಲ ಕುಡಸು." ಇದರಲ್ಲಿ ವಿಜ್ಞಾನ ಎಷ್ಟಿದೆಯೋ, ನಾನು ವಾದಿಸಲು ಹೋಗಿಲ್ಲ. ದಿನವೆಲ್ಲ ಕೂಸು ಹೊತ್ತವರ ಮಾತಿಗೆ ಅಷ್ಟು ಬೆಲೆ ಇರಲಿ.

ಇಷ್ಟಾದರೂ ನನ್ನದು ಸುಖದ ಪಾಲು. ನನ್ನ ತರಗತಿಯ ಒಬ್ಬಳು ಹುಡುಗಿಯ ವಿಷಯ ಹೇಳಿದರೆ ಇದು ತಿಳಿಯುತ್ತದೆ. ಓದಿನಲ್ಲಿ ಚುರುಕು, ಲೆಕ್ಕ ಬಾಯಿಯಲ್ಲೇ ಮಾಡುತ್ತಾಳೆ. ಕಾಲುವೆಗೆ ನೀರು ಬಿಟ್ಟು ಕಾರಟಗಿ ಕಡೆ ನಾಟಿ ಶುರುವಾದರೆ ಅವಳು ಶಾಲೆಗೆ ಬರುವುದಿಲ್ಲ. ಬೆಳಿಗ್ಗೆ ಆರಕ್ಕೆಲ್ಲ ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಊರ ಅಗಸಿಯ ಮುಂದೆ ಬಂದು ಹಾರ್ನ್ ಹಾಕುತ್ತದೆ, ಅವಳ ಅವ್ವ ರೊಟ್ಟಿ ಗಂಟು ಹಿಡಿದು ಹತ್ತುತ್ತಾಳೆ. ಅಂಗನವಾಡಿ ತೆರೆಯುವುದು ಒಂಬತ್ತೂವರೆಗೆ, ಮುಚ್ಚುವುದು ನಾಲ್ಕಕ್ಕೆ. ತೆರೆದರೂ ದಿನವಿಡೀ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಹುಡುಗಿಯ ತಮ್ಮನಿಗೆ ಒಂದೂವರೆ ವರ್ಷ. ಒಂದು ದಿನ ಅವನನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. "ತಮ್ಮನ್ನ ಕರಕೊಂಡು ಕುಂದರ್ಲೇನ್ರಿ ಟೀಚರ್? ಅಳಂಗಿಲ್ರಿ ಅಂವ." ಬಾ ಎಂದೆ. ಎರಡನೇ ಪೀರಿಯಡ್ಡಿಗೆ ಅತ್ತ. ಅವಳು ಹೊರಗೆ ಕಟ್ಟೆಯ ಮೇಲೆ ಅವನನ್ನು ತೊಡೆಗೆ ಹಾಕಿಕೊಂಡು ತಟ್ಟುತ್ತ, ಕಿಟಕಿಯಿಂದಲೇ ಭಿನ್ನರಾಶಿ ಕೇಳಿದಳು.

ಹತ್ತಿ ಕ್ರಾಸಿಂಗ್ ದಿನಗಳಲ್ಲೂ ಇದೇ ಕಥೆ. ಹಿಂದಿನ ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯಬೇಕು, ಮರುದಿನ ಬೆಳಿಗ್ಗೆ ಹೂವಿಗೆ ಹೂವು ತಾಗಿಸಬೇಕು. ಒಂದು ದಿನ ತಪ್ಪಿದರೆ ಆ ದಿನದ ಹೂವು ಹೋಯಿತು. ಕೂಸಿಗೆ ಜ್ವರ ಬಂದರೂ ಹೂವು ಕಾಯುವುದಿಲ್ಲ.

ನನ್ನ ಕೂಸಿಗೆ ಅತ್ತೆ, ಆ ಕೂಸಿಗೆ ಅಕ್ಕ. ಒಬ್ಬರು ಕೂಲಿ ಬಿಟ್ಟರು, ಒಬ್ಬಳು ಶಾಲೆ ಬಿಡುತ್ತಿದ್ದಾಳೆ. ತಾಯಿ ದುಡಿಯಲು ಹೋದಾಗ ಆ ಭಾರ ಇನ್ನೊಬ್ಬ ಹೆಣ್ಣಿನ ಹೆಗಲಿಗೆ ಜಾರುತ್ತದೆ. ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ, ಯಾವ ಮಸ್ಟರ್ ರೋಲ್‌ನಲ್ಲೂ ಇರುವುದಿಲ್ಲ. ಹಾಗೆಂದು ತಾಯಿ ಮನೆಯಲ್ಲೇ ಇರಲಿ ಎನ್ನುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮಾತೃವಂದನಾ ಯೋಜನೆಯಲ್ಲಿ ಮೊದಲ ಕೂಸಿಗೆ ಕೊಡುವ ನೆರವು 5,000 ರೂಪಾಯಿ, ತಪ್ಪಿಹೋದ ಕೂಲಿಗೆ ಪರಿಹಾರವೆಂದು. 2025-26ರ ನರೇಗಾ ಕೂಲಿ ದಿನಕ್ಕೆ 370. ಭಾಗಿಸಿ ನೋಡಿ, ಹದಿನಾಲ್ಕು ದಿನ ತುಂಬುವುದಿಲ್ಲ. ಹದಿನಾಲ್ಕು ದಿನದ ಬಾಣಂತಿಯನ್ನು ಹೊಲಕ್ಕೆ ಕಳಿಸುವ ಮನೆ ನಮ್ಮಲ್ಲಿ ಈಗಲೂ ಇಲ್ಲ. ಮೂರು ತಿಂಗಳಿಗೆ ಕಳಿಸುವ ಮನೆ ಬೇಕಾದಷ್ಟಿವೆ.

ಇಷ್ಟರಲ್ಲಿ ನನಗೆ ಸರಿ ಕಂಡ ಯೋಜನೆ ಒಂದೇ, 'ಕೂಸಿನ ಮನೆ'. 2023ರ ಜುಲೈ ಬಜೆಟ್ಟಿನಲ್ಲಿ ಸಿದ್ದರಾಮಯ್ಯ ಘೋಷಿಸಿದ್ದು, 4,000 ಗ್ರಾಮ ಪಂಚಾಯಿತಿಗಳಲ್ಲಿ ಆರು ತಿಂಗಳು ದಾಟಿದ ಮಕ್ಕಳಿಗೆ ಶಿಶುಪಾಲನಾ ಕೇಂದ್ರ. ಕೆಲಸದ ಜಾಗದಲ್ಲಿ ಐದಾರು ಪುಟ್ಟ ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಕೂಲಿ ಕೊಟ್ಟು ಒಬ್ಬಳನ್ನು ಇಡಬೇಕೆಂದು 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲೂ ಇತ್ತು, ಹೆಚ್ಚಿನ ಕಡೆ ಕಾಗದದಲ್ಲೇ ಉಳಿಯಿತು. ಕೂಸಿನ ಮನೆಯ ಗುಣ ಏನೆಂದರೆ ಅದು ಧಣಿಯ ಬಳಿ ಎಷ್ಟು ಆಳುಗಳಿದ್ದಾರೆ ಎಂದು ಎಣಿಸುವುದಿಲ್ಲ, ಊರಲ್ಲಿ ಎಷ್ಟು ಕೂಸುಗಳಿವೆ ಎಂದು ಎಣಿಸುತ್ತದೆ. ನಮ್ಮಂಥ ಜಿಲ್ಲೆಗೆ ಹೊಂದುವ ಎಣಿಕೆ ಇದೇ.

ಕೊರತೆ ಇರುವುದು ಹೊತ್ತಿನಲ್ಲಿ. ನಾನು ಕಲಿಸುವ ಊರಿನಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಟಂಟಂ ಕಾರಟಗಿ ದಾಟಿರುತ್ತದೆ. ಕಚೇರಿಯ ಗಡಿಯಾರ ನೋಡಿ ತೆರೆಯುವ ಕೂಸಿನ ಮನೆ ಕಚೇರಿಗೆ ಹೋಗುವವರಿಗೆ ಸರಿ, ಅಂಥವರು ಆ ಊರಲ್ಲಿಲ್ಲ. ನಾಟಿ, ಕ್ರಾಸಿಂಗ್, ಹತ್ತಿ ಬಿಡಿಸುವ ತಿಂಗಳುಗಳಲ್ಲಾದರೂ ಬೆಳಿಗ್ಗೆ ಐದೂವರೆಗೆ ತೆರೆದು ಟಂಟಂ ವಾಪಸು ಬರುವವರೆಗೆ ಇರಲಿ. ಎರಡು ಪಾಳಿಯಾಗಲಿ. ಆರೈಕೆ ಮಾಡುವವರನ್ನು ಸರದಿಯ ಮೇಲೆ ಬದಲಿಸುವ ಪದ್ಧತಿಯೂ ನನಗೆ ಒಪ್ಪಿಗೆಯಿಲ್ಲ. ಕೂಸು ಮುಖ ಹಿಡಿಯುತ್ತದೆ, ವಾರಕ್ಕೊಂದು ಮುಖ ಬಂದರೆ ಅಳುತ್ತದೆ, ಅತ್ತ ಕೂಸನ್ನು ತಾಯಿ ಮರುದಿನ ಬಿಡುವುದಿಲ್ಲ. ಊರಿನ ಇಬ್ಬರನ್ನು ಕಾಯಂ ಮಾಡಿ, ತಿಂಗಳ ತಿಂಗಳ ಕೂಲಿ ಕೊಡಿ. ನಮ್ಮ ಅತ್ತೆಯಂಥ ಕೈಪಳಗಿದವರು ಪ್ರತಿ ಓಣಿಯಲ್ಲೂ ಇದ್ದಾರೆ. ಅವರು ಈಗ ಪುಕ್ಕಟೆ ಮಾಡುವ ಕೆಲಸಕ್ಕೆ ಸಂಬಳ ಬಂದರೆ ಸಾಲಿಗೆ ನಿಲ್ಲುತ್ತಾರೆ. ಕೂಸನ್ನು ತಂದವಳ ಹತ್ತಿರ ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಕೇಳಬೇಡಿ, ದುಡಿಯುವ ತಾಯಿಯೇ ಎಂದಷ್ಟೇ ಕೇಳಿ.

ಇನ್ನೊಂದು ಮಾತು. ಯೋಜನೆ ಗ್ರಾಮ ಪಂಚಾಯಿತಿಯದು. ಯಲಬುರ್ಗಾ ಪಟ್ಟಣ ಪಂಚಾಯಿತಿ, ಕುಷ್ಟಗಿ ಪುರಸಭೆ, ಕೊಪ್ಪಳ ಮತ್ತು ಗಂಗಾವತಿ ನಗರಸಭೆ. ಹಾಗಾಗಿ ನನ್ನ ಮಗಳಿಗೂ, ಕೊಪ್ಪಳದ ಬಟ್ಟೆ ಅಂಗಡಿಯವಳ ಮಗುವಿಗೂ, ಗಂಗಾವತಿ ರೈಸ್‌ಮಿಲ್ಲಿನಲ್ಲಿ ಕಸ ಹೊಡೆಯುವವಳ ಮಗುವಿಗೂ ಅದರಲ್ಲಿ ಜಾಗವಿಲ್ಲ. ಬಸ್ ನಿಲ್ದಾಣದ ಹತ್ತಿರ ಒಂದೊಂದು ಬೇಕು, ಕೂಸನ್ನು ಬಿಟ್ಟು ಬಸ್ ಹತ್ತುವಂತೆ.

ದುಡ್ಡೆಲ್ಲಿ ಎನ್ನುವ ಪ್ರಶ್ನೆಯನ್ನು ನಮ್ಮ ಭಾಗದಲ್ಲಿ ಕೇಳಬಾರದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲಿ ಘೋಷಿಸಿದ್ದು 5,000 ಕೋಟಿ ರೂಪಾಯಿ. ಕಟ್ಟಡಕ್ಕೆ, ಕಾಂಪೌಂಡಿಗೆ, ಸಿಮೆಂಟ್ ರಸ್ತೆಗೆ ಹಣ ಹುಟ್ಟುತ್ತದೆ, ಶಂಕುಸ್ಥಾಪನೆಗೆ ಫೋಟೊ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಬಾಗಿಲು ತೆರೆಯುವ ಇಬ್ಬರು ಹೆಣ್ಣುಮಕ್ಕಳ ಸಂಬಳಕ್ಕೆ ಫೋಟೊ ಬರುವುದಿಲ್ಲ, ತೊಂದರೆ ಅಲ್ಲೇ ಇದೆ.

ಓದುತ್ತಿರುವವರು ಗಂಡಸರಾದರೆ ನಿಮ್ಮಲ್ಲೇ ನನ್ನ ವಿನಂತಿ, ಗ್ರಾಮಸಭೆಯಲ್ಲಿ ನಿಮ್ಮ ದನಿಯೇ ಹೆಚ್ಚು ಕೇಳುತ್ತದೆ. ಮುಂದಿನ ಸಭೆಯಲ್ಲಿ ರಸ್ತೆ, ಚರಂಡಿಯ ಪಟ್ಟಿ ಓದುವ ಮೊದಲು ಒಂದೇ ಪ್ರಶ್ನೆ ಕೇಳಿ: ನಮ್ಮೂರ ಕೂಸಿನ ಮನೆ ಎಷ್ಟು ಗಂಟೆಗೆ ತೆರೆಯುತ್ತದೆ? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಸಹಿ ಹಾಕಿ.