ದಂಡ ಲಕ್ಷ ರೂಪಾಯಿ, ಹೆದರೋರು ಯಾರು?

ಕೊಯಮತ್ತೂರು: ಸೋಮನೂರು, ಪಲ್ಲಡಂ ಕಡೆಯ ಪವರ್‌ಲೂಮ್, ತಿರುಪ್ಪೂರಿನ ಬನಿಯನ್ ಕಂಪನಿ, ತೋಟದ ಪಂಪ್‌ಸೆಟ್ ಎಲ್ಲಕ್ಕೂ ಕರೆಂಟೇ ಆಧಾರ. ತಲೆಮಾರುಗಳಿಂದ ಇಲ್ಲಿ ನೆಲೆಸಿರುವ ದೇವಾಂಗ, ಒಕ್ಕಲಿಗ ಮುಂತಾದ ಕನ್ನಡ ಮನೆಗಳ ಅನ್ನವೂ ಅದರಿಂದಲೇ. ಆದರೆ ಜೋತುಬಿದ್ದ ತಂತಿ, ವಾಲಿದ ಕಂಬವನ್ನು ಇಬಿಯವರು ಸರಿಪಡಿಸದಿದ್ದರೆ ಬೀಳುವ ದಂಡ ಎಷ್ಟು?

2003ರ ವಿದ್ಯುತ್ ಕಾಯ್ದೆಯ 142ನೇ ಕಲಂನಲ್ಲಿ ಇಟ್ಟ ದಂಡ ಪ್ರತಿ ಉಲ್ಲಂಘನೆಗೆ ಹೆಚ್ಚೆಂದರೆ 1 ಲಕ್ಷ ರೂ. ತಪ್ಪು ಮುಂದುವರಿದರೆ ದಿನಕ್ಕೆ 6 ಸಾವಿರ. ಅದೇ ಗ್ಯಾಸ್ ಪೈಪ್‌ಲೈನ್ ಕಂಪನಿ ನಿಯಂತ್ರಣ ಮಂಡಳಿಯ ನಿರ್ದೇಶನ ಮೀರಿದರೆ, 2006ರ ಕಾಯ್ದೆಯಂತೆ 1 ಕೋಟಿ ರೂ.ವರೆಗೆ, ಮೇಲೆ ದಿನಕ್ಕೆ 10 ಲಕ್ಷ! ನೆಲದಡಿಯ ಪೈಪಿಗೆ ಕೋಟಿ, ತಲೆ ಮೇಲಿನ ತಂತಿಗೆ ಲಕ್ಷ. ಇದ್ಯಾವ ನ್ಯಾಯ? ಹಳೇ ತಂತಿ ಬದಲಿಸೋದಕ್ಕಿಂತ ದಂಡ ಕಟ್ಟೋದೇ ಅಗ್ಗವಾದರೆ ಯಾರು ತಾನೆ ಹೆದರುತ್ತಾರೆ?

ಗಡಿಯಾಚೆಯ ಕಥೆಯೂ ಬೇರೆಯಲ್ಲ. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾಡುಗೋಡಿಯಲ್ಲಿ ಫುಟ್‌ಪಾತ್ ಮೇಲೆ ಹರಿದುಬಿದ್ದಿದ್ದ ಬೆಸ್ಕಾಂ ತಂತಿ ತುಳಿದು ತಾಯಿ ಮತ್ತು 9 ತಿಂಗಳ ಕೂಸು ಸತ್ತರು. ಸಿಬ್ಬಂದಿ ಅಮಾನತಾದರು, 5 ಲಕ್ಷ ರೂ. ಪರಿಹಾರ ಘೋಷಣೆಯಾಯಿತು. ಆದರೆ ಜೀವ ಹೋದ ಮೇಲೆ ಕೊಡುವುದು ಪರಿಹಾರ. ಜೀವ ಹೋಗದಂತೆ ಎಚ್ಚರಿಸಬೇಕಾದದ್ದು ದಂಡ.

ಸರಕಾರಿ ಕಂಪನಿಗೆ ಕೋಟಿ ದಂಡ ಹಾಕಿದರೆ ಕೊನೆಗೆ ಜನರ ಬಿಲ್ಲಿಗೇ ಬರುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಅದಕ್ಕೂ ದಾರಿಯುಂಟು. ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರುನೊದಲ್ಲಿ 2010ರಲ್ಲಿ ಗ್ಯಾಸ್ ಪೈಪ್ ಸಿಡಿದು 8 ಜನ ಸತ್ತಾಗ, ಪಿಜಿ ಅಂಡ್ ಇ ಕಂಪನಿಗೆ 2015ರಲ್ಲಿ 160 ಕೋಟಿ ಡಾಲರ್ ದಂಡ ಬಿತ್ತು. ಅದರಲ್ಲಿ 85 ಕೋಟಿ ಡಾಲರನ್ನು ಷೇರುದಾರರ ಹಣದಿಂದಲೇ ಪೈಪ್ ಸುರಕ್ಷತೆಗೆ ಖರ್ಚು ಮಾಡಬೇಕೆಂದು ಆದೇಶವಾಯಿತು. ಇಲ್ಲೂ ದಂಡದ ಹಣ ತಪ್ಪಾದ ಊರಿನ ತಂತಿ, ಕಂಬಕ್ಕೇ ಹೋಗಲಿ. ಅದನ್ನು ದರ ಏರಿಕೆಯ ಲೆಕ್ಕಕ್ಕೆ ಸೇರಿಸಲು ವಿದ್ಯುತ್ ನಿಯಂತ್ರಣ ಆಯೋಗ ಬಿಡಬಾರದು.

ಕಾಯ್ದೆ ಬದಲಾಗುವವರೆಗೆ ಜನ ಸುಮ್ಮನಿರಬೇಕಿಲ್ಲ. ಮಳೆನೀರಲ್ಲಿ ಬಿದ್ದ ತಂತಿಯಿಂದ ಸೈಕಲ್ ಸವಾರನೊಬ್ಬ ಸತ್ತ ಮಧ್ಯಪ್ರದೇಶದ ಪ್ರಕರಣದಲ್ಲಿ, ಕರೆಂಟ್ ಕಳ್ಳನದೇ ತಪ್ಪು ಎಂಬ ಮಂಡಳಿಯ ವಾದವನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಒಪ್ಪಲಿಲ್ಲ. ತಂತಿ ಯಾರದೋ ಹೊಣೆಯೂ ಅವರದೇ ಎಂದಿತು. ತಂತಿ ಜೋತಿದ್ದರೆ ಮಿನ್ನಗಂ 94987 94987ಕ್ಕೆ ದೂರು ಕೊಟ್ಟು, ನೋಂದಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಳೆ 'ನಮಗೆ ಗೊತ್ತೇ ಇರಲಿಲ್ಲ' ಎನ್ನೋರಿಗೆ ಅದೇ ಉತ್ತರ.