ಆಪ್ತ ಸಮಾಲೋಚನೆ ಯಾರ ಭಾಷೇಲಿ?

ಕೌನ್ಸೆಲರಿಗೆ ಸರ್ಕಾರಿ ಕನ್ನಡದಲ್ಲಿ ಚೆಂದದ ಹೆಸರಿದೆ: ಆಪ್ತ ಸಮಾಲೋಚಕರು. ಸಮಾಲೋಚನೆಯನ್ನ ಕಾಲೇಜಲ್ಲಿ ಕಲೀಬಹುದು. ಆದ್ರೆ ಆ 'ಆಪ್ತ' ಎಲ್ಲಿಂದ ಬರ್ಬೇಕು?

ನಮ್ಮ ಸೀಮೆಯನ್ನೇ ನೋಡಿ. ಸಂಡೂರಿನ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ತುಂಗಭದ್ರಾ ಡ್ಯಾಮ್ ನೀರು ನಂಬಿ ಆಂಧ್ರದಿಂದ ಬಂದು ಕಂಪ್ಲಿ ಕಡೆ ಭತ್ತ ಬೆಳೆದವರ ಕ್ಯಾಂಪುಗಳಲ್ಲಿ ತೆಲುಗು. ಹೊಸಪೇಟೆಯಲ್ಲಿ ಕನ್ನಡದ ಜೊತೆ ಉರ್ದು, ತೆಲುಗು ಎರಡೂ ಉಂಟು.

ಸರಿ, ಕನ್ನಡವೇ ಬರುತ್ತೆ ಅನ್ಕೊಳ್ಳಿ. ಆದ್ರೂ ಇಲ್ಲಿ ಯಾರೂ 'ನನಗೆ ಖಿನ್ನತೆ' ಅಂತ ಬರಲ್ಲ. "ಎದಿ ಭಾರ ಆಗೈತ್ರಿ, ಮೈಯೆಲ್ಲ ಉರಿ ಉರಿ" ಅಂತಾರೆ. ಅದರ ಅರ್ಥ ಗೊತ್ತಿಲ್ಲದವರು ಬರೀ ಉರಿಗೆ ಗುಳಿಗೆ ಹುಡುಕ್ತಾರೆ. ಇನ್ನು ತಾಂಡಾದ ಸೊಸೆಯ ಮಾತನ್ನ ಅತ್ತೆಯೇ ಕನ್ನಡಕ್ಕೆ ತಿರುಗಿಸಿ ಹೇಳೋ ಹಾಗಾದ್ರೆ.. ನಿಜ ಹೊರಗೆ ಬರೋದುಂಟೇ?

ಭಾಷೆಯೊಂದೇ ಅಲ್ಲ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ವಿ. ಅವರ ದಾರಿಯಲ್ಲೇ ಹೆಜ್ಜೆ ಇಡುತ್ತಿರೋ ಮಗುವನ್ನ ಹಂಪಿ ಕಡೆಯ ಅಪ್ಪನೊಬ್ಬ "ಇದನ್ನ ಬಿಡಿಸಿ" ಅಂತ ಕರ್ಕೊಂಡು ಬಂದ್ರೆ? ಜೋಗತಿ ಪರಂಪರೆಯ ಗಂಧಗಾಳಿ ಇಲ್ಲದ ಕೌನ್ಸೆಲರು ಯಾರ ಮಾತು ಕೇಳ್ತಾರೆ, ಅಪ್ಪನದೋ ಮಗುವಿನದೋ?

ಇದಕ್ಕೆ ದಾರಿ ನಮ್ಮ ಜಿಲ್ಲೆಯೇ ತೋರಿಸಿದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರು ಮಾಡ್ತು. ಆಗ ಹೊಸಪೇಟೆಯೂ ಅದರಲ್ಲೇ ಇತ್ತು. ಎಲ್ಲದಕ್ಕೂ ದೊಡ್ಡ ಆಸ್ಪತ್ರೆಯ ತಜ್ಞರನ್ನ ಕಾಯದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಮಾದರಿ.

ಈಗ ಇನ್ನೊಂದು ಹೆಜ್ಜೆ ಬೇಕು. ತಾಂಡಾದ ಹುಡುಗಿ, ಕ್ಯಾಂಪಿನ ಹುಡುಗ, ಜೋಗತಿಯರು ಈ ಕೋರ್ಸು ಓದೋಕೆ ವಿದ್ಯಾರ್ಥಿವೇತನ ಕೊಡಿ. ನೇಮಕಾತಿಯಲ್ಲಿ ಲಂಬಾಣಿ, ತೆಲುಗು, ಉರ್ದು ಬಲ್ಲವರಿಗೆ ಒಂದಷ್ಟು ಅಂಕ ಇಡಿ.

"ನಮ್ಮೋರೇ ಕೂತ್ರೆ ಗುಟ್ಟು ಊರೆಲ್ಲ ಆಗುತ್ತೆ" ಅನ್ನೋರಿದ್ದಾರೆ. ಆ ಭಯ ಸುಳ್ಳಲ್ಲ. ಅದಕ್ಕೇ ಸಂಡೂರಿನವರನ್ನ ಹೊಸಪೇಟೆಗೆ, ಹೊಸಪೇಟೆಯವರನ್ನ ಕಂಪ್ಲಿಗೆ ಹಾಕಿ. ಭಾಷೆ ಒಂದೇ ಇರಲಿ, ಓಣಿ ಬೇರೆ ಇರಲಿ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯ್ತು, ಸಂಡೂರು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು ನಿಜ. ಸಂಕಟಕ್ಕೆ ಜಿಲ್ಲೆಯ ಗಡಿ ಗೊತ್ತಾಗುತ್ಯೇ?

2022ರಿಂದ 14416ಕ್ಕೆ ಫೋನ್ ಮಾಡಿದ್ರೆ ಟೆಲಿ ಮಾನಸ್ ಸಹಾಯ ಸಿಗ್ತಿದೆ, ಒಳ್ಳೇದೇ. ಆದ್ರೆ ಫೋನು ಅತ್ತೆ ಕೈಲೋ ಗಂಡನ ಜೇಬಲ್ಲೋ ಇರೋ ಮನೆಗಳಿಗೆ ಎದುರು ಕೂತು ಕೇಳೋರೇ ಬೇಕು.

ನಿಮ್ಮ ಊರ ಕಡೆ ಹೇಗೆ? ಮನಸ್ಸಿನ ಮಾತನ್ನ ಮನೆಮಾತಲ್ಲೇ ಕೇಳೋರು ಇದ್ದಾರಾ?