ಹಣ್ಣು ನಿಲ್ಲಲಿ, ನೀರು ಹರಿಯಲಿ

ಕಾಸರಗೋಡಿನ ಕಡೆಯ ತೋಟದ ಮನೆಗಳಲ್ಲಿ ಚಿತ್ರಗಳ ಆಲ್ಬಮನ್ನು ತೆರೆದರೆ ಮದುವೆ, ಉಪನಯನ, ಗೃಹಪ್ರವೇಶಗಳಿಗೆ ಕೊರತೆಯಿಲ್ಲ. ತಲೆಮಾರುಗಳಿಂದ ಆ ಮನೆಗೆ ನೀರುಣಿಸಿದ ಸುರಂಗದ ಬಾಯಿಯಾಗಲಿ, ವರ್ಷವರ್ಷವೂ ಮಿಡಿಯನ್ನೂ ಹಣ್ಣನ್ನೂ ಕೊಟ್ಟ ಕಾಟುಮಾವಿನ ಮರವಾಗಲಿ ಅದರಲ್ಲಿ ಸಿಕ್ಕುವುದು ಅಪೂರ್ವ. ಕೊಳವೆಬಾವಿಗಳು ಬಂದ ಬಳಿಕ ಎಷ್ಟೋ ಸುರಂಗಗಳು ಹೂಳೆತ್ತುವವರಿಲ್ಲದೆ ಬಿದ್ದಿವೆ. ಹಳೆಯ ಮರಗಳು ರಬ್ಬರಿಗೋ ರಸ್ತೆಗೋ ಎಡೆಗೊಟ್ಟಿವೆ. ಇರುವಾಗ ತೆಗೆಯದ ಚಿತ್ರವನ್ನು ಹೋದ ಮೇಲೆ ತೆಗೆಯುವಂತಿಲ್ಲವಷ್ಟೆ. ಆದುದರಿಂದ ಹಣ್ಣನ್ನೂ ಹರಿಯುವ ನೀರನ್ನೂ ನಿಧಾನವಾದ ಷಟರಿನಿಂದ ಸೆರೆಹಿಡಿಯುವ ಬಗೆಯನ್ನು ಈ ಸಲ ಹೇಳಹೊರಟಿದ್ದೇವೆ.

ಷಟರೆಂದರೆ ಬೆಳಕಿಗೆ ತೆರೆದು ಮುಚ್ಚುವ ಬಾಗಿಲು. ಸೆಕೆಂಡಿನ 1000ದಲ್ಲಿ ಒಂದು ಪಾಲು ಮಾತ್ರ ಅದು ತೆರೆದರೆ ಬೀಳುವ ನೀರು ಮಣಿಮಣಿಯಾಗಿ ಗಾಳಿಯಲ್ಲಿ ನಿಂತುಬಿಡುತ್ತದೆ. 15ರಲ್ಲಿ ಒಂದು ಪಾಲಿಗೆ ಇಳಿಸಿದರೆ ಮಣಿಗಳು ಎಳೆಗಳಾಗುತ್ತವೆ. ಕಾಲು ಅಥವಾ ಅರ್ಧ ಸೆಕೆಂಡಿಗೆ ಎಳೆಗಳು ಕೂಡಿ ನೂಲಿನ ಲಡಿಯಂತಾಗುತ್ತವೆ. ಎರಡು ಮೂರು ಸೆಕೆಂಡುಗಳಾದರೆ ನೀರೆಲ್ಲ ಹಾಲು. ಅಲುಗದೆ ಇರುವ ಕಲ್ಲು, ಪಾಚಿ, ಹಣ್ಣುಗಳು ಮಾತ್ರ ಅಷ್ಟು ಹೊತ್ತೂ ಒಂದೇ ಎಡೆಯಲ್ಲಿದ್ದು ಸ್ಪಷ್ಟವಾಗಿ ಮೂಡುತ್ತವೆ.

ಇದು ಹೊಸ ಚಮತ್ಕಾರವೇನೂ ಅಲ್ಲ; ಮೊದಲಿನವರಿಗೆ ಇದು ಅನಿವಾರ್ಯವಾಗಿತ್ತು. 1853ರಲ್ಲಿ ಲಂಡನಿನಲ್ಲಿ ಛಾಯಾಗ್ರಾಹಕರ ಸಂಘವನ್ನು ಕಟ್ಟಿದವರಲ್ಲಿ ಮುಖ್ಯನಾದ ರೋಜರ್ ಫೆಂಟನ್, 1855ರ ಕ್ರಿಮಿಯಾ ಯುದ್ಧದ ಚಿತ್ರಗಳಿಂದ ಹೆಸರಾದವನು. ಅದೇ ಫೆಂಟನ್ 1857ರಲ್ಲಿ ವೇಲ್ಸಿನ ಬೆಟ್ಟದ ಹೊಳೆಗಳನ್ನೂ 1860ರಲ್ಲಿ ಬಟ್ಟಲು ತುಂಬ ದ್ರಾಕ್ಷಿ, ಪೀಚು ಮೊದಲಾದ ಹಣ್ಣುಗಳನ್ನೂ ಚಿತ್ರಿಸಿದನು. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ದ್ರವವನ್ನು ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ತೊಳೆಯಬೇಕಾಗಿದ್ದ ಕಾಲವದು. ಹಲಗೆಗೆ ಬೆಳಕು ಸೆಕೆಂಡುಗಟ್ಟಲೆ ಬೇಕಾಗಿದ್ದುದರಿಂದ ಅವನ ಹೊಳೆಯ ನೀರು ತಾನಾಗಿಯೇ ಮಂಜಿನಂತಾಯಿತು. ಆ ಹಲಗೆಗೆ ನೀಲಿ ಬೆಳಕು ಚೆನ್ನಾಗಿ ತಿಳಿಯುತ್ತಿತ್ತು, ಕೆಂಪು ಹೆಚ್ಚುಕಡಿಮೆ ಕುರುಡು. ಹಾಗಾಗಿ ಕೆಂಪು ಹಣ್ಣುಗಳು ಇದ್ದುದಕ್ಕಿಂತ ಕಪ್ಪಾಗಿ ಮೂಡುತ್ತಿದ್ದುವು. 1862ರಲ್ಲಿ ಅವನು ಕ್ಯಾಮರಾವನ್ನೇ ತೊರೆದು ವಕೀಲಿಗೆ ಮರಳಿದನು. ನಮ್ಮ ಪುನರ್ಪುಳಿಯ ಕೆಂಪಿಗೆ ಇಂದಿನ ಕ್ಯಾಮರಾದಲ್ಲಿ ಆ ದುರ್ಗತಿಯಿಲ್ಲ.

ಅಭ್ಯಾಸವನ್ನು ಹಣ್ಣಿನಿಂದ ತೊಡಗುವುದು ಲೇಸು, ಅದು ಓಡಿಹೋಗುವುದಿಲ್ಲ. ಜಗಲಿಯ ಪಕ್ಕದ ಕಿಟಿಕಿಯ ಬಳಿ, ನೇರ ಬಿಸಿಲು ಬೀಳದ ಹೊತ್ತಿನಲ್ಲಿ ಹಣ್ಣನ್ನಿರಿಸಿರಿ. ಸ್ಟೀಲಿನ ತಟ್ಟೆ ಬೇಡ, ಅದರಲ್ಲಿ ಕಿಟಿಕಿಯೂ ನೀವೂ ಕಾಣುವಿರಿ. ಅಡಕೆಯ ಹಾಳೆ ಅಥವಾ ಬಾಳೆಲೆ ಸಾಕು. ಕಿಟಿಕಿಗೆ ಎದುರಾದ ಮಗ್ಗುಲಲ್ಲಿ ಬಿಳಿಯ ಪಂಚೆಯೊಂದನ್ನು ಇಳಿಬಿಟ್ಟರೆ ನೆರಳಿನ ಭಾಗವೂ ತುಸು ಬೆಳಗುತ್ತದೆ. ಟ್ಯೂಬ್‌ಲೈಟನ್ನು ಆರಿಸಿರಿ, ಎರಡು ಬಣ್ಣದ ಬೆಳಕು ಬೆರೆತರೆ ಹಣ್ಣಿನ ಬಣ್ಣ ಕೆಡುತ್ತದೆ. ಐಎಸ್‌ಒ 100, ಅಪರ್ಚರ್ 11 ಎಂದಿಟ್ಟರೆ ಇಂತಹ ಎಡೆಯಲ್ಲಿ ಸುಮಾರು ಎರಡು ಸೆಕೆಂಡು ಬೇಕಾದೀತು. ಹಲಸಿನ ಹಣ್ಣಿನ ಮುಳ್ಳುಗಳು ಮುಂದಿನಿಂದ ಹಿಂದಿನವರೆಗೂ ಖಚಿತವಾಗಿ ಮೂಡುವುದು ಹೀಗೆ ಅಪರ್ಚರನ್ನು ಕಿರಿದಾಗಿಸಿದಾಗಲೇ.

ಎರಡು ಸೆಕೆಂಡು ಕ್ಯಾಮರಾವನ್ನು ಕೈಯಲ್ಲಿ ಅಲುಗದಂತೆ ಹಿಡಿಯುವವರು ಯಾರೂ ಇಲ್ಲ. ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಚೀಲದ ಮೇಲೆ ಅದನ್ನು ಕೂರಿಸಿರಿ. ಗುಂಡಿಯನ್ನು ಒತ್ತುವ ಬೆರಳೇ ಕ್ಯಾಮರಾವನ್ನು ನಡುಗಿಸುವುದರಿಂದ ಎರಡು ಸೆಕೆಂಡಿನ ಸೆಲ್ಫ್ ಟೈಮರನ್ನು ಬಳಸಿರಿ. ಮರದ ಉಪ್ಪರಿಗೆಯಾದರೆ ಮಕ್ಕಳನ್ನು ಅಷ್ಟು ಹೊತ್ತು ಓಡಾಡಗೊಡಬಾರದು. (ಹಣ್ಣನ್ನು ಅವರ ಕಣ್ಣಿಗೆ ಬೀಳದಂತೆ ಇರಿಸುವುದು ಬೇರೆಯೇ ವಿದ್ಯೆ.) ಮೊಬೈಲಿನಲ್ಲಿಯೂ ಇದು ಸಾಧ್ಯ, ಹಲವು ಮೊಬೈಲುಗಳ ‘ಪ್ರೊ’ ವಿಭಾಗದಲ್ಲಿ ಷಟರಿನ ವೇಗವನ್ನು ನಾವೇ ನಿಗದಿಮಾಡಬಹುದು.

ಇನ್ನು ನೀರು. ನಮ್ಮ ಅಡಕೆ ತೋಟದ ದಟ್ಟ ನೆರಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಅಲ್ಲಿ ಐಎಸ್‌ಒ 100, ಅಪರ್ಚರ್ 16ಕ್ಕೆ ಅರ್ಧದಿಂದ ಒಂದು ಸೆಕೆಂಡು ತಾನಾಗಿಯೇ ದೊರೆಯುತ್ತದೆ. ಬಯಲಿನ ಬಿಸಿಲಿನಲ್ಲಿ ಅಷ್ಟೇ ಅಪರ್ಚರಿಗೆ 100ರಲ್ಲಿ ಒಂದು ಪಾಲು ಮಾತ್ರ ಸಾಕಾಗುವುದರಿಂದ ಮಸೂರದ ಮುಂದೆ ಕಪ್ಪು ಫಿಲ್ಟರನ್ನು ಹಾಕಬೇಕಾಗುತ್ತದೆ. ಮೂರು ಸ್ಟಾಪಿನ ಫಿಲ್ಟರು ಬೆಳಕನ್ನು ಎಂಟರಲ್ಲಿ ಒಂದು ಪಾಲಿಗೆ ಇಳಿಸಿದರೆ, ಆರು ಸ್ಟಾಪಿನದು 64ರಲ್ಲಿ ಒಂದು ಪಾಲಿಗೆ ಇಳಿಸುತ್ತದೆ. ಕೊಳ್ಳುವ ಮೊದಲು ಬೆಳಗಿನ ಏಳು ಗಂಟೆಯನ್ನೋ ಮೋಡದ ದಿನವನ್ನೋ ಪರೀಕ್ಷಿಸಿ ನೋಡಿರಿ, ಖರ್ಚಿಲ್ಲ. ಬೆಳಗ್ಗೆ ಕಡಲ ಗಾಳಿ ಎದ್ದಿರುವುದಿಲ್ಲವಾಗಿ ಅಡಕೆಯ ಸೋಗೆ, ಕರಿಮೆಣಸಿನ ಬಳ್ಳಿಗಳೂ ಅಲುಗುವುದಿಲ್ಲ.

ಮಳೆಗಾಲದ ತೋಡಿಗೆ ಎಂಟರಲ್ಲಿ ಒಂದು ಸೆಕೆಂಡೇ ಧಾರಾಳ. ಬೇಸಿಗೆಯ ಸಣ್ಣ ಧಾರೆಗೆ ಒಂದು ಸೆಕೆಂಡಾದರೂ ಬೇಕು. ನೀರೆಲ್ಲ ರೇಷ್ಮೆಯ ಸೀರೆಯಂತಾಗುವವರೆಗೆ ಷಟರನ್ನು ತೆರೆದಿಡುವ ಗೀಳು ಇಂದು ಹಬ್ಬಿದೆ. ನಮಗದು ರುಚಿಸದು. ಹತ್ತು ಸೆಕೆಂಡಿನ ಚಿತ್ರದಲ್ಲಿ ಆ ತೋಡು ಯಾವ ಊರಿನದೆಂದು ತಿಳಿಯದು; ಅರ್ಧ ಸೆಕೆಂಡಿನದರಲ್ಲಿ ನೀರು ಎಲ್ಲಿ ಕಲ್ಲಿಗೆ ಬಡಿದು ತಿರುಗಿತು, ಎಲ್ಲಿ ಕಟ್ಟದ ಸಂದಿನಿಂದ ನುಸುಳಿತು ಎಂಬುದು ಕಾಣುತ್ತದೆ. ನೀರಿನ ಬಿಳುಪು ಸುಣ್ಣದಂತೆ ಚಪ್ಪಟೆಯಾದರೆ ಎಕ್ಸ್‌ಪೋಶರನ್ನು ತುಸು ತಗ್ಗಿಸಿರಿ. ಪಾಚಿಯ ಕಲ್ಲಿನ ಮೇಲೆ ಕಾಲಿಡುವಾಗ ಕ್ಯಾಮರಾಕ್ಕಿಂತ ಸೊಂಟದ ಚಿಂತೆ ಹೆಚ್ಚಿರಲಿ.

ಎರಡನ್ನೂ ಒಂದೇ ಚಿತ್ರದಲ್ಲಿ ತರಬೇಕೆಂಬ ಆಸೆಯಿದ್ದರೆ ಸುರಂಗವೇ ತಕ್ಕ ಸ್ಥಳ. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದ ಈ ಸುರಂಗಗಳಿಂದ ಜಿನುಗಿದ ನೀರು, ಸೀಳಿದ ಅಡಕೆಮರದ ದಂಬೆಯಲ್ಲಿ ಹರಿದು ಕೆರೆಗೋ ತೊಟ್ಟಿಗೋ ಬೀಳುವಲ್ಲಿ, ಧಾರೆಯ ಪಕ್ಕದ ಕಲ್ಲಿನ ಮೇಲೆ ನಾಲ್ಕು ಕಾಟುಮಾವಿನ ಹಣ್ಣುಗಳನ್ನಿರಿಸಿರಿ. ಧಾರೆಗೆ ತೀರ ಒಡ್ಡಿದರೆ ಹಣ್ಣು ಅಲುಗಿ ಮಸುಕಾದೀತು. ತುಂತುರು ತಾಗುವಷ್ಟು ದೂರ ಸಾಕು. ಹಣ್ಣಿನ ಮೇಲೆಯೇ ಫೋಕಸ್ ಮಾಡಿ, ಕಾಲು, ಅರ್ಧ, ಒಂದು ಸೆಕೆಂಡುಗಳಿಗೆ ಒಂದೊಂದು ಚಿತ್ರವನ್ನು ತೆಗೆಯಿರಿ. ಮಾವು ಹಣ್ಣಾಗುವ ಎಪ್ರಿಲ್–ಮೇ ತಿಂಗಳುಗಳಲ್ಲಿಯೇ ಧಾರೆ ತೀರ ಸಣ್ಣದಾಗುವುದುಂಟು, ಕೆಲವೆಡೆ ನಿಂತೇಹೋಗುತ್ತದೆ. ಹಾಗಾಗಿ ಮೊದಲ ಹಣ್ಣು ಬಿದ್ದ ವಾರವೇ ಹೊರಡುವುದು ಒಳಿತು.

ಒಳ್ಳೆಯದೊಂದನ್ನು ಆರಿಸಿ ಕಾಗದದ ಮೇಲೆ ಮುದ್ರಿಸಿರಿ. ಮೊಬೈಲಿನೊಳಗಿನ ಚಿತ್ರ ಮೊಬೈಲಿನೊಡನೆಯೇ ಹೋಗುತ್ತದೆ. ಅದರ ಬೆನ್ನಿಗೆ ತಾರೀಕನ್ನೂ ಜಾಗದ ಹೆಸರನ್ನೂ ಸುರಂಗವನ್ನು ಯಾರ ಕಾಲದಲ್ಲಿ ತೋಡಿದರೆಂಬುದನ್ನೂ ಬರೆಯಿರಿ. ಕಾಟುಮಾವಿನ ಮರಗಳಿಗೆ ಮನೆಮನೆಯಲ್ಲಿ ಬೇರೆಬೇರೆ ಹೆಸರುಗಳಿವೆ, ಮತ್ತು ಅವು ಬಹುತೇಕ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿದಿವೆ. ಅವರನ್ನು ಕೇಳಿ, ಆ ಹೆಸರನ್ನೂ ಕನ್ನಡದಲ್ಲಿಯೇ ಬರೆದಿಡಿರಿ.